ರೈಲಿನ ಹೊತ್ತಿಗೆ ಡೈನೋ, 2048, ವರ್ಡಲ್

ಮಂಡ್ಯದಿಂದ ಮೈಸೂರಿಗೆ ದಿನಾ ರೈಲಲ್ಲಿ ಓಡಾಡುವ ನಮ್ಮಕ್ಕನ ಮಗಳು ಕೇಳಿದಳು: "ಮಾಮ, ಬ್ರೌಸರ್‌ನಲ್ಲೇ ಆಡೋ ಆಟಗಳಲ್ಲಿ ಯಾವುದು ಒಳ್ಳೇದು?"

ನಾನು ಹೇಳುವುದು ಡೈನೋ, 2048, ವರ್ಡಲ್. ದುಡ್ಡಿನ ಮಾತೇ ಬೇಡ, ಮೂರೂ ಪುಕ್ಕಟೆ.

ಪಾಂಡವಪುರದ ಹತ್ತಿರ ಸಿಗ್ನಲ್ ಹೋಯಿತೆನ್ನು. ಆಗ ಕ್ರೋಮ್ ಬ್ರೌಸರ್‌ನ ಡೈನೋ, ಅಂದರೆ ಓಡುವ ಡೈನೋಸಾರ್‌ನ ಆಟ, ತಾನಾಗಿಯೇ ಎದುರಿಗೆ ಬರುತ್ತದೆ. 2014ರಲ್ಲಿ ಅದನ್ನು ಮಾಡಿದ್ದೇ ನೆಟ್ ಇಲ್ಲದ ಹೊತ್ತಿಗೆ. ಬೆರಳಲ್ಲಿ ತಟ್ಟಿದರೆ ಡೈನೋ ಕಳ್ಳಿಗಿಡದ ಮೇಲಿಂದ ಹಾರುತ್ತದೆ. ಸೀಟು ಸಿಕ್ಕಿದ್ದರೆ ಸರಿ. ಕಂಬಿ ಹಿಡಿದು ನಿಂತಿದ್ದರೆ, ಓಟದ ವೇಗ ಏರಿದಾಗ ಗಾಡಿಯ ಒಂದು ಕುಲುಕಿಗೇ ಆಟ ಮುಗಿಯುತ್ತದೆ.

ನಿಂತವರಿಗೆ 2048, ಸಂಖ್ಯೆಗಳನ್ನು ಜರುಗಿಸಿ ಕೂಡಿಸುವ ಆಟ. ಅದೂ 2014ರದ್ದೇ. ಒಟ್ಟು 16 ಮನೆ. 2ಕ್ಕೆ 2 ಸೇರಿ 4, 4ಕ್ಕೆ 4 ಸೇರಿ 8. ದೊಡ್ಡ ಸಂಖ್ಯೆಯನ್ನು ಒಂದು ಮೂಲೆಯಲ್ಲಿ ಕೂರಿಸಿ ಅಲುಗಾಡಿಸಬೇಡ, ಅದೇ ಗುಟ್ಟು. ಗಡಿಯಾರದ ಅವಸರವಿಲ್ಲ. ಟಿಕೆಟ್ ತೋರಿಸಿ ಬಂದರೂ ಆಟ ಅಲ್ಲೇ ಕಾದಿರುತ್ತದೆ. ಚೌಕಾಬಾರ ಆಡಿ ಬೆಳೆದ ನನಗೆ ಈ ಮನೆಗಳ ಲೆಕ್ಕ ಬಲು ಇಷ್ಟ. ಆದರೆ ಹಿಡಿದರೆ ಬಿಡಲಾಗದು, ಇಳಿಯುವ ಸ್ಟೇಷನ್ನೇ ಮರೆತೀಯ.

ಪರೀಕ್ಷೆ ಹತ್ತಿರವಿದ್ದರೆ ವರ್ಡಲ್ ಸಾಕು. ದಿನಕ್ಕೊಂದೇ ಇಂಗ್ಲಿಷ್ ಪದ, 5 ಅಕ್ಷರ, ಊಹಿಸಲು 6 ಅವಕಾಶ. ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಮುಗಿದರೆ, ಕಾವೇರಿ ನೋಡಿಕೊಂಡು ಹೋಗು.