ಎರಡು ರತ್ನಗಂಬಳಿ, ಏಳು ವರ್ಷ

ನಮ್ಮ ಮನೆಯಲ್ಲಿ ಎರಡು ರತ್ನಗಂಬಳಿಗಳಿವೆ. ಎರಡೂ ಉಣ್ಣೆಯವು, ನಾಲ್ಕಡಿಗೆ ಆರಡಿ. ಒಂದನ್ನು ಶ್ರೀನಗರದಲ್ಲಿ ಕೊಂಡೆ, ಇನ್ನೊಂದನ್ನು ಬೆಂಗಳೂರಿನ ಒಂದು ಮೇಳದಲ್ಲಿ. ಎರಡನ್ನೂ ‘ಕೈಯಿಂದ ಮಾಡಿದ್ದು’ ಅಂತಲೇ ಹೇಳಿ ಕೊಟ್ಟರು. ಏಳು ವರ್ಷ ಓಡಾಡಿದ ಮೇಲೆ ಎರಡಕ್ಕೂ ಎಷ್ಟು ವ್ಯತ್ಯಾಸ ಅಂತ ಗೊತ್ತಾಗಿದೆ.

ಮೇಲಿಂದ ನೋಡಿದರೆ ಮೇಳದ್ದೇ ಚೆಂದ. ದಪ್ಪ ಜಾಸ್ತಿ, ಕಾಲಿಗೆ ಮೆತ್ತಗೆ. ನಾನು ಮರುಳಾಗಿದ್ದೂ ಅದಕ್ಕೇ. ಆದರೆ ತಿರುಗಿಸಿ ಹಾಕಬೇಕು. ಶ್ರೀನಗರದ್ದರ ಹಿಂಬದಿಯಲ್ಲೂ ಅದೇ ಹೂಬಳ್ಳಿ, ಅಷ್ಟೇ ಸ್ಪಷ್ಟ. ಒಂದೊಂದು ಗಂಟೂ ಸಾಸಿವೆ ಕಾಳಿನ ಹಾಗೆ ಎದ್ದು ಕಾಣುತ್ತದೆ. ಸ್ಕೇಲ್ ಇಟ್ಟು ಎಣಿಸಿದೆ: ಅಂಗುಲಕ್ಕೆ ಅಡ್ಡ 16, ಉದ್ದ 16, ಅಂದರೆ ಚದರಂಗುಲಕ್ಕೆ 256. ಅಲ್ಲಿ ಮಗ್ಗಕ್ಕೆ ತಾಲೀಮ್ ಅನ್ನುವ ಕಾಗದದ ಪಟ್ಟಿ ಸಿಕ್ಕಿಸಿರುತ್ತಾರೆ. ಯಾವ ಬಣ್ಣದ ಗಂಟು ಎಷ್ಟು ಅಂತ ಅದರಲ್ಲಿ ಸಂಕೇತಗಳಲ್ಲಿ ಬರೆದಿರುತ್ತದೆ. ಅದನ್ನು ಓದಿಕೊಂಡು ಒಂದೊಂದೇ ಗಂಟು ಹಾಕುತ್ತಾರೆ.

ಮೇಳದ್ದರ ಹಿಂದೆ ಬರೀ ಬಟ್ಟೆ. ಅದು ಟಫ್ಟೆಡ್ ಗಂಬಳಿ. ಬಿಗಿದು ಕಟ್ಟಿದ ಬಟ್ಟೆಗೆ ಗನ್ನಿನಂಥ ಸಾಧನದಿಂದ ಉಣ್ಣೆ ಚುಚ್ಚುತ್ತಾರೆ, ಗಂಟೇ ಇರುವುದಿಲ್ಲ. ಎಳೆ ಕಿತ್ತು ಬರದಿರಲಿ ಅಂತ ಲೇಟೆಕ್ಸ್ ಅನ್ನುವ ರಬ್ಬರಿನ ಅಂಟು ಬಳಿದು, ಮೇಲೆ ಇನ್ನೊಂದು ಬಟ್ಟೆ ಹಚ್ಚುತ್ತಾರೆ. ಗನ್ ಹಿಡಿಯುವುದೂ ಕೈಯೇ, ಹಾಗಾಗಿ ಅವರು ಹೇಳಿದ್ದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ, ಅಲ್ವಾ? ಐದನೇ ವರ್ಷಕ್ಕೆ ಆ ಅಂಟು ಉದುರತೊಡಗಿತು. ಗಂಬಳಿ ಎತ್ತಿದರೆ ನೆಲದ ಮೇಲೆ ಅಕ್ಕಿಹಿಟ್ಟು ಚೆಲ್ಲಿದ ಹಾಗೆ ಪುಡಿ. ಮಳೆಗಾಲದಲ್ಲಿ ರಬ್ಬರ್ ವಾಸನೆ ಬೇರೆ.

ಕುಚ್ಚನ್ನೂ ನೋಡಿ. ಗಂಟಿನ ಗಂಬಳಿಯಲ್ಲಿ ಹಾಸಿನ ಎಳೆಗಳೇ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲುಗಳೇ, ತುದಿಯಲ್ಲಿ ಕುಚ್ಚಾಗಿ ಉಳಿಯುತ್ತವೆ. ಮೇಳದ್ದಕ್ಕೆ ಬೇರೆ ಕುಚ್ಚು ತಂದು ಹೊಲಿದಿದ್ದರು. ಒಂದು ಮೂಲೆಯಲ್ಲಿ ಆಗಲೇ ಹೊಲಿಗೆ ಬಿಟ್ಟಿದೆ. ಯಂತ್ರದ ಗಂಬಳಿಗಳಲ್ಲೂ ಕುಚ್ಚು ಸಾಮಾನ್ಯವಾಗಿ ಹೀಗೆ ಹೊಲಿದದ್ದೇ.

ಗಂಟು ಜಾಸ್ತಿ ಇದ್ದಷ್ಟೂ ಗಂಬಳಿ ಒಳ್ಳೆಯದು ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿರುವ ಇರಾನಿನ ಅರ್ದಬಿಲ್ ಗಂಬಳಿ 1539–40ರದು. ಜಗತ್ಪ್ರಸಿದ್ಧವಾದ ಅದರಲ್ಲೂ ಚದರಂಗುಲಕ್ಕೆ ಸುಮಾರು 340 ಗಂಟು ಅಷ್ಟೇ. ಉಣ್ಣೆ ಮತ್ತು ಬಣ್ಣ ಅಷ್ಟೇ ಮುಖ್ಯ. ಬಿಳಿ ಕರವಸ್ತ್ರ ಒದ್ದೆ ಮಾಡಿ ಕೆಂಪು ಇರುವ ಕಡೆ ಉಜ್ಜಿದೆ. ಶ್ರೀನಗರದ್ದು ಬಣ್ಣ ಬಿಡಲಿಲ್ಲ. ಮೇಳದ್ದು ಉಜ್ಜಿದಾಗ ಬಟ್ಟೆ ಗುಲಾಬಿಯಾಯಿತು. ರೇಷ್ಮೆ ಅಂತ ಹೇಳಿದರೆ ಒಂದು ಎಳೆ ಕೇಳಿ ಸುಟ್ಟು ನೋಡಿ: ಕೂದಲು ಸುಟ್ಟ ವಾಸನೆ ಬಂದರೆ ಸರಿ, ಕಾಗದದ ವಾಸನೆ ಬಂದರೆ ಅದು ರೇಷ್ಮೆಯಲ್ಲ.

ಶ್ರೀನಗರದ್ದರಲ್ಲಿ ಒಂದು ಕಡೆ ನೀಲಿ ಸ್ವಲ್ಪ ತಿಳಿಯಾಗಿದೆ. ಕೊಂಡಾಗ ದೋಷ ಅಂದುಕೊಂಡಿದ್ದೆ. ಒಂದು ಸಲ ಬಣ್ಣ ಹಾಕಿದ ನೂಲು ಮುಗಿದು ಇನ್ನೊಂದು ಸಲದ್ದು ಶುರುವಾದ ಜಾಗ ಅದು. ಈಗ ನನಗೆ ಆ ಪಟ್ಟೆಯೇ ಇಷ್ಟ. ಮಲಗುವ ಕೋಣೆಗೆ ಇನ್ನೊಂದು ಬೇಕಾಗಿದೆ. ಮೂರಡಿಗೆ ಎರಡಡಿಯದಾದರೂ ಸರಿ, ಗಂಟಿನದ್ದನ್ನೇ ತರುತ್ತೇನೆ.