ಹಳೆ ಕಾರಿನ ಕೂಲಂಟ್ ಸೋರುತ್ತಿದೆಯೇ? ಜಾಗ ಕಣ್ಣಿಗೆ ಕಾಣುವ ತನಕ ಎಂಜಿನ್ ಹೆಡ್ ಬಿಚ್ಚಲು ಬಿಡಬೇಡಿ

ಹಳೆ ಕಾರು ಇಟ್ಟುಕೊಂಡವರಿಗೆಲ್ಲ ಇದು ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ. ಚಳಿಗಾಲವಿಡೀ ನಿಲ್ಲಿಸಿದ್ದ ಕಾರನ್ನು ಹೊರಗೆ ತೆಗೆದಾಗ ನೆಲದ ಮೇಲೆ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಕಂಡರೆ, ಅದು ಎಲ್ಲಿಂದ ಬರುತ್ತಿದೆ ಅನ್ನುವುದು ಮೊದಲು ಪತ್ತೆಯಾಗಬೇಕು. ಅಲ್ಲಿಯವರೆಗೆ ಒಳಗೆ ಏನನ್ನೂ ಸುರಿಯಬಾರದು, ಏನನ್ನೂ ಬಿಚ್ಚಬಾರದು. ನನ್ನ ಕಾರಿಗೆ ಎರಡನ್ನೂ ಮಾಡಿದರು.

1960ರ ದಶಕದ ಕಾರು. ಎರಕದ ಕಬ್ಬಿಣದ ಎಂಜಿನ್ ಬ್ಲಾಕ್, ತಾಮ್ರ ಹಿತ್ತಾಳೆಯ ರೇಡಿಯೇಟರ್. ಶೆಡ್ಡಿಗೆ ಹಾಕುವಾಗ ಒಂದು ತೊಟ್ಟೂ ಸೋರುತ್ತಿರಲಿಲ್ಲ. ಚಳಿ ಕಳೆದ ಮೇಲೆ ನೋಡಿದರೆ ಎಂಜಿನ್ ಕೆಳಗೆ, ಒಂದು ಪಕ್ಕಕ್ಕೆ, ಹಸಿರು ಒದ್ದೆ. ಗ್ಯಾರೇಜಿಗೆ ಬಿಟ್ಟು, "ಎಲ್ಲಿ ಸೋರುತ್ತಿದೆ ಅಂತ ನೋಡಿ ಹೇಳಿ, ಅಷ್ಟು ಸಾಕು" ಎಂದೆ. ಅವರು ಕೇಳದೆಯೇ ಲೀಕ್ ನಿಲ್ಲಿಸುವ ಪುಡಿಯನ್ನು ರೇಡಿಯೇಟರಿಗೆ ಸುರಿದರು. ಸೋರುವುದು ನಿಲ್ಲಲಿಲ್ಲ. ಆಮೇಲೆ ಆಯಿಲ್ ಹಾಕುವ ಮುಚ್ಚಳದ ಒಳಗೆ ಕೆನೆಬಣ್ಣದ ಜಿಡ್ಡು ಕಂಡಿದೆ. "ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್" ಅಂತ ಫೋನ್ ಬಂತು. ಎಂಜಿನ್ನಿನ ಮೇಲ್ಭಾಗವಾದ ಹೆಡ್‌ಗೂ ಬ್ಲಾಕ್‌ಗೂ ನಡುವೆ ಕೂರುವ ಸೀಲ್ ಅದು, ಹೋದರೆ ಕೂಲಂಟ್ ಆಯಿಲ್‌ಗೆ ಸೇರಿ ಇಂಥ ಜಿಡ್ಡು ಬರಬಹುದು. ನಾನು ಹೋಗುವಷ್ಟರಲ್ಲಿ ಹೆಡ್ ಬಿಚ್ಚಿ ಬೆಂಚಿನ ಮೇಲೆ ಇಟ್ಟಾಗಿತ್ತು. ಗ್ಯಾಸ್ಕೆಟ್ ಎಲ್ಲೂ ಸುಟ್ಟಿರಲಿಲ್ಲ, ಹರಿದಿರಲಿಲ್ಲ. ಆದರೂ ಹೊಸದು ಹಾಕಿ ಬಿಲ್ ಕೊಟ್ಟರು. ಮನೆಗೆ ತಂದು ನಿಲ್ಲಿಸಿದರೆ ಅದೇ ಜಾಗದಲ್ಲಿ ಮತ್ತೆ ಹಸಿರು ಒದ್ದೆ.

ಈ ಕೆನೆಬಣ್ಣದ ಜಿಡ್ಡಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಎಷ್ಟೋ ಒಳ್ಳೆಯ ಎಂಜಿನ್‌ಗಳು ಇದರಿಂದಲೇ ಸುಮ್ನೆ ಬಿಚ್ಚಿಸಿಕೊಳ್ಳುತ್ತವೆ. ಚಳಿಯಲ್ಲಿ ನಿಂತ ಎಂಜಿನ್ನಿನೊಳಗೆ ತೇವ ಕೂರುತ್ತದೆ. ನಡುವೆ ಒಮ್ಮೊಮ್ಮೆ ಸ್ಟಾರ್ಟ್ ಮಾಡಿ, ಪೂರ್ತಿ ಬಿಸಿಯಾಗುವ ಮೊದಲೇ ಆಫ್ ಮಾಡಿದರೆ ಇನ್ನೂ ಜಾಸ್ತಿ. ಆ ತೇವ ತಣ್ಣಗಿನ ಮುಚ್ಚಳದ ಒಳಗೆ ಆಯಿಲ್ ಜೊತೆ ಸೇರಿ ಕೆನೆಯ ಹಾಗೆ ಆಗುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿ. ಅಲ್ಲಿ ಆಯಿಲ್ ಶುದ್ಧವಾಗಿದ್ದು, ಮಟ್ಟವೂ ಏರಿಲ್ಲದಿದ್ದರೆ, ಬರೀ ಮುಚ್ಚಳದ ಜಿಡ್ಡು ನೋಡಿ ಗ್ಯಾಸ್ಕೆಟ್ ಹೋಗಿದೆ ಅನ್ನಲು ಬರುವುದಿಲ್ಲ. ಅನುಮಾನ ಇದ್ದರೆ ಬ್ಲಾಕ್ ಟೆಸ್ಟ್ ಇದೆಯಲ್ಲ. ರೇಡಿಯೇಟರ್ ಬಾಯಿಗೆ ಕೊಳವೆ ಇಟ್ಟು, ಅಲ್ಲಿನ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯುತ್ತಾರೆ. ಸಿಲಿಂಡರಿನ ಹೊಗೆ ಕೂಲಂಟಿಗೆ ನುಗ್ಗುತ್ತಿದ್ದರೆ ನೀಲಿ ಹಳದಿಗೆ ತಿರುಗುತ್ತದೆ. ಹೆಡ್ ಬಿಚ್ಚುವ ಮೊದಲು ಇದನ್ನು ಮಾಡಲು ಏನು ಕಷ್ಟವಿತ್ತು?

ಕೊನೆಗೆ ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಸ್ಪ್ಯಾನರ್ ಮುಟ್ಟಲೇ ಇಲ್ಲ. ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಕ್ಯಾಪ್ ತೆಗೆದು, ಆ ಜಾಗಕ್ಕೆ ಮೀಟರ್ ಇರುವ ಕೈಪಂಪ್ ಕೂರಿಸಿದರು. ಕ್ಯಾಪ್ ಮೇಲೆ 7 ಪಿಎಸ್‌ಐ ಎಂದಿತ್ತು, ಅಷ್ಟಕ್ಕೇ ಒತ್ತಡ ಏರಿಸಿ ಬಿಟ್ಟರು. ಮುಳ್ಳು ನಿಧಾನವಾಗಿ ಇಳಿಯತೊಡಗಿತು. ಟಾರ್ಚ್, ಸಣ್ಣ ಕನ್ನಡಿ ಹಿಡಿದು ಹುಡುಕಿದಾಗ ಸಿಕ್ಕಿತು. ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆ ಹೊರಹೋಗುವ ಕೊಳವೆ) ಹಿಂದೆ ಅಡಗಿದ್ದ ಕೋರ್ ಪ್ಲಗ್, ಅಂದರೆ ಬ್ಲಾಕಿನ ತೂತನ್ನು ಮುಚ್ಚುವ ಬಿಲ್ಲೆ. ಅದರ ಅಂಚಿನಲ್ಲಿ ತುಕ್ಕಿನ ಗುಳ್ಳೆ, ಗುಳ್ಳೆಯ ನಡುವೆ ಸೂಜಿಮೊನೆಯಷ್ಟು ತೂತು, ಅಲ್ಲಿಂದ ಒಂದೊಂದೇ ಹನಿ ಹೊರಟು ಬ್ಲಾಕ್ ಮೇಲೆ ಇಳಿಯುತ್ತಿತ್ತು. ಉಕ್ಕಿನ ಈ ಬಿಲ್ಲೆಯನ್ನು ಒಳಗಿನಿಂದ ತುಕ್ಕು ತಿನ್ನುತ್ತದೆ. ಕೂಲಂಟಿನಲ್ಲಿರುವ ತುಕ್ಕು ತಡೆಯುವ ಅಂಶ ಸವೆದರೆ ಇನ್ನೂ ಬೇಗ.

ನಿಮ್ಮ ಕಾರಿಗೂ ಹೀಗಾದರೆ ಮೊದಲು ಕೇಳಬೇಕಾದದ್ದು ಈ ಪ್ರೆಶರ್ ಟೆಸ್ಟ್. ತಣ್ಣಗಿರುವಾಗಲೇ ಮಾಡಿಸಿ. ಎಂಜಿನ್ ಬಿಸಿ ಇದ್ದರೆ ಸಣ್ಣ ಸೋರಿಕೆ ಅಲ್ಲೇ ಆವಿಯಾಗುತ್ತದೆ, ಬಿಳಿ ಅಥವಾ ಹಸಿರು ಪುಡಿಯ ಗುರುತು ಮಾತ್ರ ಉಳಿಯುತ್ತದೆ. ಕ್ಯಾಪ್ ಮೇಲಿರುವುದಕ್ಕಿಂತ ಹೆಚ್ಚು ಒತ್ತಡ ಕೊಡಲು ಬಿಡಬೇಡಿ, ಹಳೆ ರೇಡಿಯೇಟರಿನ ಬೆಸುಗೆ ಬಿಟ್ಟೀತು. ಕ್ಯಾಪನ್ನೂ ಪರೀಕ್ಷಿಸಲಿ. ಅದರ ಸ್ಪ್ರಿಂಗ್ ಸೋತಿದ್ದರೆ ನೀರು ಬೇಗ ಕುದಿದು ಹೊರಗೆ ಬರುತ್ತದೆ, ಬೇರೆಲ್ಲೋ ತೂತಿದೆ ಅಂತ ಹುಡುಕುತ್ತಾ ಕೂರುತ್ತಾರೆ.

ನೀವೇ ನೋಡುವುದಾದರೆ ಕಾರಿನ ಕೆಳಗೆ ರಟ್ಟು ಹಾಸಿ ಒಂದು ರಾತ್ರಿ ಬಿಡಿ. ಹನಿ ಬಿದ್ದ ಜಾಗವನ್ನೇ ನಂಬಬೇಡಿ, ಒದ್ದೆಯ ಜಾಡು ಹಿಡಿದು ಮೇಲಕ್ಕೆ ಹೋಗಿ. ಎಲ್ಲಕ್ಕಿಂತ ಮೇಲಿನ ಒದ್ದೆಯೇ ಮುಖ್ಯ. ಹೋಸ್‌ಗಳನ್ನು ಕ್ಲ್ಯಾಂಪ್ ಹತ್ತಿರ ಹಿಸುಕಿ ನೋಡಿ. ಚಳಿಗೆ ರಬ್ಬರ್ ಕುಗ್ಗಿ ಕ್ಲ್ಯಾಂಪ್ ಸಡಿಲವಾಗುತ್ತದೆ, ತಣ್ಣಗಿದ್ದಾಗ ಜಿನುಗಿ ಬಿಸಿಯಾದಾಗ ನಿಲ್ಲುತ್ತದೆ. ಬರೀ ಅರ್ಧ ಸುತ್ತು ಬಿಗಿದರೆ ಮುಗಿಯುವ ಕೆಲಸ ಇರಬಹುದು. ವಾಟರ್ ಪಂಪಿನ ಶಾಫ್ಟ್ ಕೆಳಗೆ ಒಂದು ಸಣ್ಣ ರಂಧ್ರ ಇರುತ್ತದೆ, ಅಲ್ಲಿಂದ ತೊಟ್ಟಿಕ್ಕುತ್ತಲೇ ಇದ್ದರೆ ಒಳಗಿನ ಸೀಲ್ ಹೋಗಿದೆ ಅಂತ. ಕಾರಿನೊಳಗೆ ಸಿಹಿ ವಾಸನೆ, ಗಾಜಿನ ಮೇಲೆ ಜಿಡ್ಡಿನ ಮಂಜು, ಕಾಲಡಿಯ ಕಾರ್ಪೆಟ್ ಒದ್ದೆ ಇದ್ದರೆ ಹೀಟರ್ ಕೋರ್ (ಒಳಗೆ ಬಿಸಿಗಾಳಿ ಕೊಡುವ ಪುಟ್ಟ ರೇಡಿಯೇಟರ್) ನೋಡಿ.

ಬಿಸಿಯಾಗಿ ಹಿಗ್ಗಿದ ಕೂಲಂಟ್ ಹಿಡಿಯುವ ಎಕ್ಸ್‌ಪಾನ್ಶನ್ ಟ್ಯಾಂಕ್ ಇಲ್ಲದ ಹಳೆ ಕಾರಿಗೆ ಕಂಠದವರೆಗೆ ತುಂಬಿಸಿದರೆ, ಬಿಸಿಯಾದಾಗ ಹೆಚ್ಚಿನದು ಕೊಳವೆಯಿಂದ ಹೊರಗೆ ಬೀಳುತ್ತದೆ. ಅದು ಸೋರಿಕೆಯೇ ಅಲ್ಲ. ಸುಮಾರು ಒಂದು ಅಂಗುಲ ಖಾಲಿ ಬಿಡಿ.

ನೆಲಕ್ಕೆ ಬಿದ್ದ ಕೂಲಂಟನ್ನು ತಕ್ಷಣ ಒರೆಸಿ, ತೊಳೆಯಿರಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ. ನಾಯಿ, ಬೆಕ್ಕು ಸ್ವಲ್ಪ ನೆಕ್ಕಿದರೂ ಮೂತ್ರಪಿಂಡ ಹೋಗಿ ಸಾಯಬಹುದು. ಬಿಸಿ ಎಂಜಿನ್ನಿನ ರೇಡಿಯೇಟರ್ ಕ್ಯಾಪನ್ನಂತೂ ಯಾವತ್ತೂ ತೆಗೆಯಬೇಡಿ.

ನನ್ನ ಕಾರಿಗೆ ಹಿತ್ತಾಳೆಯ ಹೊಸ ಕೋರ್ ಪ್ಲಗ್ ಹಾಕಿದ ಮೇಲೆ ಸೋರುವುದು ನಿಂತಿತು. ಜೊತೆಗಿದ್ದ ಹಳೆ ಪ್ಲಗ್‌ಗಳನ್ನೂ ಬದಲಾಯಿಸಿದರು. ಆದರೆ ಆ ಪುಡಿ ಹೀಟರ್ ಕೋರಿನ ಸಣ್ಣ ನಳಿಗೆಗಳಲ್ಲಿ ಗಟ್ಟಿಯಾಗಿ ಕೂತಿದೆ. ಎರಡೂ ಕಡೆಯಿಂದ ನೀರು ಬಿಟ್ಟು ತೊಳೆದಾಗ ಕಂದು ಹೆಪ್ಪು ಹೆಪ್ಪಾಗಿ ಬಂತು, ಆದರೂ ಹೀಟರ್ ಬಿಸಿಯಾಗುತ್ತಿಲ್ಲ. ಆ ಮಾಡೆಲ್ಲಿನ ಹೀಟರ್ ಕೋರ್ ಈಗ ಸುಲಭಕ್ಕೆ ಸಿಗುವ ವಸ್ತುವಲ್ಲ, ಇನ್ನೂ ಹುಡುಕುತ್ತಿದ್ದೇನೆ.