‘ಫುಡ್ ಗ್ರೇಡ್’ ಫ್ಲೇವರ್ ಹಾಕಿ ವೇಪ್ ಲಿಕ್ವಿಡ್ ಬೆರೆಸೋರು ಇದನ್ನ ಓದಿ

ವೇಪ್ ಲಿಕ್ವಿಡ್ ಅಂದರೆ ಇ-ಸಿಗರೇಟಿನಲ್ಲಿ ಕಾಯಿಸಿ ಆವಿ ಸೇದುವ ದ್ರವ. ನಿಕೋಟಿನ್ ಇಲ್ಲದ್ದನ್ನ ನಾವೇ ಬೆರೆಸಿಕೊಳ್ಳುವ ಕಿಟ್ ತರಿಸಿದ್ದೆ. ಲಿಕ್ವಿಡ್‌ನ ಮೂಲ ದ್ರವಗಳಾದ ಪಿಜಿ (ಪ್ರೊಪಿಲೀನ್ ಗ್ಲೈಕಾಲ್) ಒಂದು ಬಾಟಲಿ, ವಿಜಿ (ಸಸ್ಯಮೂಲದ ಗ್ಲಿಸರಿನ್) ಒಂದು ಬಾಟಲಿ, ಜೊತೆಗೆ ಫ್ಲೇವರ್‌ನ ಪುಟ್ಟ ಪುಟ್ಟ ಬಾಟಲಿಗಳು. ಎಲ್ಲದರ ಮೇಲೂ ದಪ್ಪ ಅಕ್ಷರದಲ್ಲಿ ‘ಫುಡ್ ಗ್ರೇಡ್’, ‘ವೇಪ್‌ಗೆ ಸೂಕ್ತ’, ‘ಝೀರೋ ನಿಕೋಟಿನ್’. ಒಳಗೆ ಏನೇನು ಹಾಕಿದ್ದಾರೆ ಅನ್ನುವ ಪಟ್ಟಿ ಮಾತ್ರ ಯಾವುದರ ಮೇಲೂ ಇರಲಿಲ್ಲ.

ನಾನು ಜಾಸ್ತಿ ಬಳಸಿದ್ದು ಪುದೀನ ಫ್ಲೇವರ್. ಮೊದಮೊದಲು ಒಣ ಕೆಮ್ಮು ಬಂತು. ಇದೇನು ದೊಡ್ಡ ವಿಷಯ ಅನ್ನಿಸಲಿಲ್ಲ. ಪಿಜಿ ಕೆಲವರಿಗೆ ಗಂಟಲು ಒಣಗಿಸುತ್ತದೆ, ಕೆರೆತ ತರುತ್ತದೆ. ಅಂಥವರು ಪಿಜಿ ಇಳಿಸಿ ವಿಜಿ ಏರಿಸುವುದು ವಾಡಿಕೆ. ನಾನೂ 50/50 ಇದ್ದದ್ದನ್ನು 70 ವಿಜಿ, 30 ಪಿಜಿ ಮಾಡಿದೆ. ಕೆಮ್ಮು ನಿಲ್ಲಲಿಲ್ಲ. ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು. ಸಂಜೆ ಹೊತ್ತು ಮೈ ಬೆಚ್ಚಗೆ.

ಡಾಕ್ಟರ್ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು, ಎಕ್ಸ್‌ರೇ ನೋಡಿದರು. “ಸೇದೋದರಲ್ಲಿ ನಿಕೋಟಿನ್ ಇಲ್ಲ ಡಾಕ್ಟ್ರೇ” ಅಂದೆ. “ಏನಿಲ್ಲ ಅನ್ನೋದು ಬೇಡಪ್ಪ, ಏನಿದೆ ಅಂತ ಹೇಳು. ಬಾಟಲಿ ತಗೊಂಡು ಬಾ” ಅಂದರು.

ಬಾಟಲಿ ಒಂದೆರಡು ದಿನದಿಂದ ಅಲುಗಾಡದೆ ಮೇಜಿನ ಮೇಲೇ ಇತ್ತು. ಎತ್ತಿ ಬೆಳಕಿಗೆ ಹಿಡಿದರೆ, ಮೇಲ್ಗಡೆ ತೆಳುವಾದ ಹಳದಿ ಪದರ. ಕುಲುಕಿದರೆ ಎಲ್ಲಾ ಬೆಳ್ಳಗೆ ಕದಡಿತು. ಸ್ವಲ್ಪ ಹೊತ್ತು ಬಿಟ್ಟರೆ ಸಣ್ಣ ಹನಿಗಳು ಒಂದೊಂದೇ ಮೇಲೆ ಬಂದು ಮತ್ತೆ ಪದರವಾದವು. ಎಣ್ಣೆ! ಕಿಟ್ ಜೊತೆ ಬಂದ ಚೀಟಿಯಲ್ಲಿ ‘ಪ್ರತಿ ಸಲ ಚೆನ್ನಾಗಿ ಕುಲುಕಿ ಬಳಸಿ’ ಅಂತ ಯಾಕೆ ಬರೆದಿದ್ದರು ಅಂತ ಆಗ ಗೊತ್ತಾಯಿತು.

ಮಾರಿದವರಿಗೆ ಫೋಟೋ ಕಳಿಸಿದೆ. “ಫುಡ್ ಗ್ರೇಡ್ ಸರ್, ಹಾಗೇ ಕುಡಿದರೂ ಏನೂ ಆಗಲ್ಲ” ಅನ್ನುವ ಉತ್ತರ ಬಂತು. ಇನ್ನೊಂದು ಪ್ರಶ್ನೆ ಕೇಳಿದ್ದಕ್ಕೆ ನಂಬರ್ ಬ್ಲಾಕ್.

ಕುಡಿದರೆ ಏನೂ ಆಗದೇ ಇರಬಹುದು. ಹೊಟ್ಟೆಗೆ ಹೋದ ಎಣ್ಣೆಯನ್ನು ಕರಗಿಸೋಕೆ ಪಿತ್ತರಸ ಇದೆ, ಕರುಳಿದೆ. ಶ್ವಾಸಕೋಶದಲ್ಲಿ ಅಂಥ ವ್ಯವಸ್ಥೆ ಇಲ್ಲ. ಅಲ್ಲಿನ ಕಾವಲು ಕಣಗಳು ಎಣ್ಣೆ ಹನಿಗಳನ್ನು ನುಂಗುತ್ತವೆ, ಅರಗಿಸಿಕೊಳ್ಳೋಕೆ ಆಗದೆ ಒದ್ದಾಡುತ್ತವೆ. ಸುತ್ತಲೂ ಉರಿಯೂತ ಶುರುವಾಗುತ್ತದೆ. ಲಿಪಾಯ್ಡ್ ನ್ಯುಮೋನಿಯಾ ಅನ್ನುವುದು ಇದನ್ನೇ.

ಫುಡ್ ಗ್ರೇಡ್ ಅನ್ನುವುದು ತಿನ್ನೋಕೆ ಕೊಟ್ಟ ಸರ್ಟಿಫಿಕೇಟ್, ಉಸಿರಾಡೋಕೆ ಅಲ್ಲ. ಇದಕ್ಕೆ ಡೈಅಸಿಟೈಲ್‌ಗಿಂತ ಒಳ್ಳೆ ಉದಾಹರಣೆ ಬೇಕಿಲ್ಲ. ಬೆಣ್ಣೆಯ ರುಚಿ ಕೊಡುವ ರಾಸಾಯನಿಕ ಅದು, ತಿಂಡಿಗಳಲ್ಲಿ ಆರಾಮಾಗಿ ಬಳಸುತ್ತಿದ್ದರು. 2000ರಲ್ಲಿ ಅಮೆರಿಕದ ಮಿಸೌರಿಯ ಒಂದು ಪಾಪ್‌ಕಾರ್ನ್ ಕಾರ್ಖಾನೆಯಲ್ಲಿ ದುಡಿದವರಿಗೆ ವಾಸಿಯಾಗದ ಶ್ವಾಸಕೋಶದ ಕಾಯಿಲೆ ಬಂದಿರುವುದು ಬೆಳಕಿಗೆ ಬಂತು. ಅವರು ಅದರ ಆವಿಯನ್ನು ಉಸಿರಾಡಿದ್ದರು, ಅಷ್ಟೇ. ಕಾಯಿಲೆಗೆ ‘ಪಾಪ್‌ಕಾರ್ನ್ ಲಂಗ್’ ಅಂತಲೇ ಹೆಸರು ಬಿತ್ತು. ಕಸ್ಟರ್ಡ್, ಕ್ರೀಮ್, ಬಟರ್‌ಸ್ಕಾಚ್ ಥರದ ವೇಪ್ ಫ್ಲೇವರ್‌ಗಳಲ್ಲಿ ಇದು ಸಿಕ್ಕಿದೆ. ‘ಡೈಅಸಿಟೈಲ್ ಇಲ್ಲ’ ಅಂತ ಹೇಳಿ ಅದರ ಬದಲಿಗೆ ಅಸಿಟೈಲ್ ಪ್ರೊಪಿಯೋನಿಲ್ ಹಾಕುವವರೂ ಇದ್ದಾರೆ. ಅದೂ ಅದೇ ಜಾತಿಯದು.

2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿದವರು ಸಾಲು ಸಾಲಾಗಿ ಆಸ್ಪತ್ರೆ ಸೇರಿದ್ದು ನೆನಪಿರಬಹುದು. 2020ರ ಫೆಬ್ರವರಿ ಹೊತ್ತಿಗೆ 2,807 ಜನ ಆಸ್ಪತ್ರೆಗೆ ದಾಖಲಾಗಿದ್ದರು ಅಥವಾ ತೀರಿಕೊಂಡಿದ್ದರು, ಅದರಲ್ಲಿ ಸಾವು 68. ಹೆಚ್ಚಿನವರು ಸೇದಿದ್ದು ಗಾಂಜಾದಲ್ಲಿ ನಶೆ ಏರಿಸುವ ಟಿಎಚ್‌ಸಿ ಇದ್ದ ಲಿಕ್ವಿಡ್, ನಮ್ಮ ಥರದ್ದಲ್ಲ. ಆದರೆ ಮುಖ್ಯ ಕಾರಣ ಅಂತ ಗುರುತಿಸಿದ್ದು ವಿಟಮಿನ್ ಇ ಅಸಿಟೇಟ್ ಅನ್ನುವ ಎಣ್ಣೆಯಂಥ ಪದಾರ್ಥವನ್ನು. ಮಾತ್ರೆಯಲ್ಲಿ ನುಂಗುತ್ತೇವೆ, ಕ್ರೀಮಿನಲ್ಲಿ ಮುಖಕ್ಕೆ ಹಚ್ಚುತ್ತೇವೆ, ಏನೂ ಆಗಲ್ಲ.

ಇನ್ನು ಝೀರೋ ನಿಕೋಟಿನ್ ಅನ್ನುವುದರ ಬಗ್ಗೆ. ನಿಕೋಟಿನ್ ಇಲ್ಲ ಅಂದರೆ ಕಾಯ್ದೆ ಇನ್ನೂ ಬಿಗಿ ಇರುತ್ತದೆ ಅಂದುಕೊಳ್ಳುತ್ತೇವೆ ಅಲ್ವಾ? ಎಷ್ಟೋ ಸಲ ಉಲ್ಟಾ. ಯುರೋಪಿಯನ್ ಯೂನಿಯನ್ 2014ರಲ್ಲಿ ತಂದ ತಂಬಾಕು ನಿಯಮ ನಿಕೋಟಿನ್ ಇರುವ ಲಿಕ್ವಿಡ್‌ಗೆ ಮಿತಿ ಹಾಕುತ್ತದೆ, ಪದಾರ್ಥಗಳ ವಿವರ ಕೊಡಿ ಅನ್ನುತ್ತದೆ. ನಿಕೋಟಿನ್ ಇಲ್ಲದ್ದು ಆ ನಿಯಮದ ಹೊರಗೇ ಉಳಿಯಿತು. ಸಾಲದ್ದಕ್ಕೆ, ‘ಇಲ್ಲ’ ಅಂತ ಬರೆದ ಬಾಟಲಿಗಳಲ್ಲೇ ಲ್ಯಾಬ್ ಪರೀಕ್ಷೆಯಲ್ಲಿ ನಿಕೋಟಿನ್ ಸಿಕ್ಕಿದ್ದೂ ಉಂಟು.

ನಿಕೋಟಿನ್ ಇಲ್ಲದಿದ್ದರೂ ಕಾಯಿಲ್, ಅಂದರೆ ಲಿಕ್ವಿಡ್ ಕಾಯಿಸುವ ತಂತಿ ಸುರುಳಿ, ಬಿಸಿ ಆಗೇ ಆಗುತ್ತದೆ. ಪಿಜಿ, ವಿಜಿ ಅತಿಯಾಗಿ ಕಾದರೆ ಫಾರ್ಮಾಲ್ಡಿಹೈಡ್ ಅನ್ನುವ ವಿಷ ಹುಟ್ಟುತ್ತದೆ, ಗ್ಲಿಸರಿನ್‌ನಿಂದ ಅಕ್ರೋಲಿನ್ ಅನ್ನುವ ಇನ್ನೊಂದು ವಿಷ ಕೂಡ. ಕಾಯಿಲ್‌ಗೆ ಲಿಕ್ವಿಡ್ ಹೀರಿಕೊಡುವ ಹತ್ತಿ ಒಣಗಿ ಗಂಟಲಿಗೆ ಸುಟ್ಟ ರುಚಿ ಹೊಡೆದರೆ ಆ ಕ್ಷಣವೇ ನಿಲ್ಲಿಸಿ. ಸಿಹಿಗೆ ಅಂತ ಸುಕ್ರಲೋಸ್ ಸುರಿಯುವುದೂ ಬೇಡ. ಕಾಯಿಲ್ ಮೇಲೆ ಕಪ್ಪು ಹಕ್ಕಳೆ ಕಟ್ಟುತ್ತದೆ, ಬಿಸಿಗೆ ಒಡೆದು ಬೇರೆ ರಗಳೆ ಕೊಡುತ್ತದೆ. ದಾಲ್ಚಿನ್ನಿ ಫ್ಲೇವರ್ ಕೆಲವು ಪ್ಲಾಸ್ಟಿಕ್ ಟ್ಯಾಂಕನ್ನೇ ಬಿರುಕು ಬಿಡಿಸುತ್ತದೆ. ಗಂಟಲಿನ ಪಾಡು ನೀವೇ ಯೋಚಿಸಿ.

ಸೇದದೇ ಇರುವುದೇ ಒಳ್ಳೆಯದು, ನಾನಂತೂ ಪೂರ್ತಿ ಬಿಟ್ಟೆ. ಆದರೂ ಬೆರೆಸುತ್ತೇನೆ ಅನ್ನುವವರು ಫ್ಲೇವರ್‌ನ ಒಂದು ಹನಿಯನ್ನು ಲೋಟದ ನೀರಿಗೆ ಬಿಟ್ಟು ನೋಡಿ. ತೇಲಿ ಬಣ್ಣ ಬಣ್ಣದ ಪೊರೆ ಕಟ್ಟಿದರೆ ಎಣ್ಣೆ ಇದೆ ಅಂತ, ಚೆಲ್ಲಿಬಿಡಿ. ಎಸೆನ್ಷಿಯಲ್ ಆಯಿಲ್ ಅಂತೂ ಹತ್ತಿರ ಸೇರಿಸಬೇಡಿ. ಗ್ಲಿಸರಿನ್ ಕೈಗೆ ಎಣ್ಣೆ ಥರ ಜಾರಿದರೂ ಎಣ್ಣೆ ಅಲ್ಲ, ನೀರಿನಲ್ಲಿ ಪೂರ್ತಿ ಬೆರೆಯುತ್ತದೆ. ಹಾಗಂತ ಬೆರೆತದ್ದೆಲ್ಲ ಸುರಕ್ಷಿತ ಅಂತ ಅಲ್ಲ. ಡೈಅಸಿಟೈಲ್ ಕೂಡ ಸದ್ದಿಲ್ಲದೆ ಬೆರೆಯುತ್ತದೆ. ಪಿಜಿ, ವಿಜಿ ಔಷಧಿ ದರ್ಜೆಯದೇ ಇರಲಿ. ಕಳಪೆ ಮಾಲಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಅನ್ನುವ ವಿಷ ಸೇರಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳೇ ಸತ್ತಿದ್ದಾರೆ.

ಈಗಾಗಲೇ ಸೇದುತ್ತಿದ್ದು ಕೆಮ್ಮು, ಜ್ವರ, ಏದುಸಿರು ಇದ್ದರೆ ಇವತ್ತೇ ನಿಲ್ಲಿಸಿ, ಬಾಟಲಿ ಸಮೇತ ಡಾಕ್ಟರ್ ಹತ್ತಿರ ಹೋಗಿ. ಎಣ್ಣೆಯಿಂದ ಬಂದ ನ್ಯುಮೋನಿಯಾಕ್ಕೆ ಮಾಮೂಲಿ ಆಂಟಿಬಯೋಟಿಕ್ ಕೊಟ್ಟರೆ ಗುಣ ಕಾಣಲ್ಲ. ನೀವಾಗಿ ಹೇಳದಿದ್ದರೆ ಅವರಿಗೆ ಗೊತ್ತಾಗೋಕೆ ದಾರಿಯೂ ಇಲ್ಲ.